ಎರಡು, ನಾಲ್ಕು, ಆರನೆಯ ತಾಕು

ಮೊದಲು ನೋಟುಬುಕ್ಕಿನಲ್ಲಿರುವುದನ್ನು ಬರೆಯುತ್ತೇನೆ, ತಲೆಯಲ್ಲಿರುವುದನ್ನು ಆಮೇಲೆ. ಎಳ್ಳ ಅಮಾವಾಸ್ಯೆಯ ದಿನದ ಪುಟದಲ್ಲಿ ನನ್ನ ಕೈಬರಹದಲ್ಲಿ ಇಷ್ಟಿದೆ: ‘ಇಂದು ಮಾಪನ ಇಲ್ಲ. ಊಟ ಹೊಲದಲ್ಲಿ. ಬಿಸಿಲು ಜೋರು.’ ಅದರ ಕೆಳಗೆ ಮುಕ್ಕಾಲು ಪುಟ ಖಾಲಿ. ನಾನು ಹೇಳಬೇಕಾಗಿರುವುದೆಲ್ಲ ಆ ಖಾಲಿ ಜಾಗದಲ್ಲಿ ನಡೆದದ್ದು.

ಹೊಲ ಇರುವುದು ಮಂಗಳೂರಿನ ಆಚೆ. ಕಡಲ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಮಳೆಯನ್ನೇ ನಂಬಿದ ಎರೆಭೂಮಿ, ಹಿಂಗಾರಿಗೆ ಕಡಲೆ. ನಾನು ಮಣ್ಣಿನ ರಸಾಯನಶಾಸ್ತ್ರ ಓದಿದವನು. ಆಗ ಒಂದು ಸಂಶೋಧನಾ ಯೋಜನೆಯ ಹೊಲದ ಕೆಲಸ ನನ್ನ ಮೇಲಿತ್ತು. ನಮ್ಮ ಪ್ರಶ್ನೆ ಹೇಳುವುದಕ್ಕೆ ಸುಲಭ. ಕಡಲೆಯ ಬೇರಿನಲ್ಲಿ ಸಾಸಿವೆಯಿಂದ ಹೆಸರುಕಾಳಿನಷ್ಟು ದಪ್ಪದ ಗಂಟುಗಳಿರುತ್ತವೆ. ಅವುಗಳೊಳಗೆ ಮಣ್ಣಿನಿಂದ ಬಂದು ಸೇರಿಕೊಂಡ ಸೂಕ್ಷ್ಮಜೀವಿಗಳು. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ, ಅವು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಚಳಿಗಾಲದಲ್ಲಿ ಚಳಿಯೇ ಕಡಿಮೆಯಾಗಿ ನೆಲ ಬಿಸಿಯಾಗುತ್ತ ಹೋದರೆ ಈ ಕೊಡುಕೊಳ್ಳುವುದು ಎಲ್ಲಿ ಮುರಿಯುತ್ತದೆ? ಬಿಸಿಯಾದ ಮಣ್ಣು ಹೆಚ್ಚು ಉಸಿರಾಡಿದರೆ ಅದು ಬೇರಿನಿಂದ ಸಿಕ್ಕ ಹೊಸ ಸಕ್ಕರೆಯ ಉಸಿರೋ, ಎಷ್ಟೋ ವರ್ಷಗಳಿಂದ ಕೂಡಿಟ್ಟ ತನ್ನದೇ ಸತ್ವವನ್ನು ಸುಟ್ಟುಕೊಳ್ಳುವ ಉಸಿರೋ?

ಇದಕ್ಕಾಗಿ ಹೊಲದ ನಡುಭಾಗದಲ್ಲಿ ಎರಡು ಮೀಟರ್ ಚೌಕದ ಹನ್ನೆರಡು ತಾಕು ಗುರುತಿಸಿ ಸುತ್ತ ಹಗ್ಗ ಕಟ್ಟಿದೆವು. ಎರಡು ಸಾಲು, ಸಾಲಿಗೆ ಆರು. ಮೊದಲ ಸಾಲು ನಾನು ದಿನವೂ ನಡೆಯುವ ಕಾಲುದಾರಿಯ ಪಕ್ಕಕ್ಕೆ, ಎರಡನೆಯ ಸಾಲು ಒಡ್ಡಿನ ಪಕ್ಕಕ್ಕೆ. ಬೆಸ ಸಂಖ್ಯೆಯ ತಾಕುಗಳಿಗೆಲ್ಲ ಸೊಂಟದೆತ್ತರದ ಪಾರದರ್ಶಕ ಹಾಳೆಯ ಗೂಡು. ಗೋಡೆಗಳು ಒಳಮುಖವಾಗಿ ಬಾಗಿರುತ್ತವೆ, ಮೇಲೆ ಬಾಯಿ ತೆರೆದಿರುತ್ತದೆ. ಬಿಸಿಲು ಒಳಗೆ ಬಂದು ಸಿಕ್ಕಿಬಿದ್ದು ನೆಲವನ್ನು ಒಂದೆರಡು ಡಿಗ್ರಿ ಹೆಚ್ಚು ಕಾಯಿಸುತ್ತದೆ. ಸಮ ಸಂಖ್ಯೆಯವು ಬಯಲು. ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ, ‘ಏನ್ರೀ ಸರ, ಕಡ್ಲಿ ಮ್ಯಾಲ ಕೋಳಿಬುಟ್ಟಿ ಡಬ್ಬ ಹಾಕೀರಿ, ತತ್ತಿ ಇಡತಾವೇನು?’ ಎಂದು ಕೇಳುತ್ತಿದ್ದರು. ನಾನು ನಕ್ಕು ಬಿಡುತ್ತಿದ್ದೆ.

ಹೊಲ ಒಬ್ಬ ಹೆಂಗಸಿನದು. ಐವತ್ತೈದರ ಆಸುಪಾಸು. ಗಂಡ ಹೊಸಪೇಟೆಯ ಹತ್ತಿರ ಲಾರಿಗಳ ಕೆಲಸದಲ್ಲಿ ಇರುತ್ತಿದ್ದರು, ಬೇಸಾಯವೆಲ್ಲ ಇವರದೇ. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ. ಏಳನೆಯ ತರಗತಿಯವರೆಗೆ ಓದಿದ್ದರು. ಬೆಳಿಗ್ಗೆ ಮತ್ತು ಮಧ್ಯಾಹ್ನ ಹನ್ನೆರಡು ತಾಕಿನ ಉಷ್ಣಮಾಪಕ ಓದಿ ರಿಜಿಸ್ಟರಿನಲ್ಲಿ ಬರೆಯುವುದು, ದನ ಕುರಿ ಒಳಗೆ ಬರದಂತೆ ನೋಡುವುದು ಅವರ ಕೆಲಸ. ಆ ರಿಜಿಸ್ಟರು ನನ್ನ ನೋಟುಬುಕ್ಕಿಗಿಂತ ಚೊಕ್ಕಟ. ಮೊಮ್ಮಗಳಿಗೆ ಜ್ವರ ಬಂದು ಕೊಪ್ಪಳದ ಆಸ್ಪತ್ರೆಗೆ ಹೋದ ದಿನ ಅವರು ಹಿಂದಿನ ದಿನದ ಅಂಕಿ ನೋಡಿ ಅಂದಾಜು ಬರೆಯಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹನ್ನೆರಡೂ ಚೌಕಗಳಲ್ಲಿ ಅಡ್ಡಗೀಟು ಎಳೆದು ಅಂಚಿನಲ್ಲಿ ‘ನಾ ಇರಲಿಲ್ಲ’ ಎಂದು ಬರೆದಿದ್ದರು.

ಹೊಲ ಕೊಡುವಾಗ ಅವರು ಇಟ್ಟದ್ದು ಒಂದೇ ಷರತ್ತು. ‘ನನ್ನ ಹೊಲಕ್ಕ ಏನಾಗೇತಿ, ಅದಷ್ಟು ನನಗ ಹೇಳ್ರಿ ಸರ. ಮೊದಲ ಸುಗ್ಗಿ ಮುಗದ ಮ್ಯಾಲ ಎರಿ ಬಾಯಿ ಬಿಡತಿತ್ತು. ಈಗ ಗಿಡ ಹಸರ ಇದ್ದಾಗ ಬಾಯಿ ಬಿಡಾಕತ್ತೈತಿ. ಬೇರು ಹರಿತಾವ.’ ಮೂರು ವರ್ಷ ನೋಡಿ ಹೇಳುತ್ತೇವೆ ಎಂದು ನಾನು ಮಾತು ಕೊಟ್ಟೆ. ಮೂರು ಹಂಗಾಮು ಬೇಕೇ ಬೇಕಿತ್ತು. ಒಂದು ಹಂಗಾಮಿನ ಅಂಕಿಯಿಂದ ಒಂದು ವರ್ಷದ ಹವೆ ತಿಳಿಯುತ್ತದೆ, ಮಣ್ಣು ತಿಳಿಯುವುದಿಲ್ಲ.

ಮಣ್ಣಿನ ಉಸಿರು ಅಳೆಯಲು ನಮ್ಮಲ್ಲಿ ದುಬಾರಿ ಯಂತ್ರ ಇರಲಿಲ್ಲ. ಹಳೆಯ ರೀತಿಯೇ. ಪ್ರತಿ ತಾಕಿನಲ್ಲಿ ಪ್ಲಾಸ್ಟಿಕ್ ಪೈಪಿನ ಒಂದು ಅಗಲ ಬಳೆಯನ್ನು ನೆಲಕ್ಕೆ ಅರ್ಧ ಒತ್ತಿ ಕೂರಿಸಿರುತ್ತೇವೆ. ಬೆಳಿಗ್ಗೆ ಅದರೊಳಗೆ ಕಾಸ್ಟಿಕ್ ಸೋಡಾ ದ್ರಾವಣದ ಸಣ್ಣ ಬಟ್ಟಲು ಇಟ್ಟು, ಬಿಸಿಲು ತಾಗದಂತೆ ಬೆಳ್ಳಿಹಾಳೆ ಸುತ್ತಿದ ಡಬ್ಬಿಯಿಂದ ಮುಚ್ಚಬೇಕು. ಬೇರೂ ಮಣ್ಣಿನ ಜೀವಿಗಳೂ ಬಿಡುವ ಇಂಗಾಲದ ಡೈಆಕ್ಸೈಡನ್ನು ಆ ದ್ರಾವಣ ಕುಡಿಯುತ್ತದೆ. ಮರುದಿನ ಅದೇ ಹೊತ್ತಿಗೆ ತೆಗೆದು, ಯಲಬುರ್ಗಾದ ನಮ್ಮ ಬಾಡಿಗೆ ಕೋಣೆಯಲ್ಲಿ ಒಂದೊಂದೇ ಹನಿ ಆಮ್ಲ ಬಿಡುತ್ತ ಹೋಗುತ್ತೇನೆ. ಗುಲಾಬಿ ಬಣ್ಣ ಹೋದಲ್ಲಿ ನಿಲ್ಲಿಸಬೇಕು. ಆಮ್ಲ ಕಡಿಮೆ ಹಿಡಿದಷ್ಟೂ ಮಣ್ಣು ಹೆಚ್ಚು ಉಸಿರಾಡಿದೆ ಎಂದರ್ಥ.

ಕೆಲಸ ಸರಾಗವಾಗಿ ನಡೆಯಲಿಲ್ಲ. ಬಿತ್ತುವ ಹೊತ್ತಿಗೆ ಅಕಾಲದ ಮಳೆ ಬಂದು ನೆಲ ಅಂಟಾಗಿ ಬಿತ್ತನೆಯೇ ತಡವಾಯಿತು. ಮೊದಲ ಸುತ್ತಿನ ಬಟ್ಟಲುಗಳಲ್ಲಿ ನಾಲ್ಕನ್ನು ಇಲಿ ಉರುಳಿಸಿತು. ಆಮೇಲೆ ಬಿರುಕು. ಮಳೆ ನಿಂತ ಮೇಲೆ ನೆಲ ಬೇಗ ಒಣಗಿ, ಬಳೆಗಳ ಅಡಿಯಿಂದಲೇ ಸೀಳು ಹೋಗಿ ಗಾಳಿ ಸೋರತೊಡಗಿತು. ಗೂಡಿನ ತಾಕುಗಳಲ್ಲಿ ಸೀಳು ಎಂಟು ಹತ್ತು ದಿನ ಮೊದಲೇ ಕಾಣಿಸಿತು. ಹಸಿ ಮಣ್ಣು ಕಲಸಿ ಬಳೆಯ ಸುತ್ತ ಮೆತ್ತುವುದನ್ನು ಅಕ್ಕ ಹೇಳಿಕೊಟ್ಟರು. ರೊಟ್ಟಿಹಿಟ್ಟು ನಾದಿದ ಹಾಗೆ ನಾದಬೇಕು, ಇಲ್ಲದಿದ್ದರೆ ಅದೂ ಸೀಳುತ್ತದೆ.

ಹೀಗೆ ಎರಡು ತಿಂಗಳು ಕಷ್ಟಪಟ್ಟ ಮೇಲೆ ಅಂಕಿಗಳು ಸಾಲಾಗಿ ನಿಲ್ಲತೊಡಗಿದವು. ಗೂಡಿನ ಮಣ್ಣು ಹೆಚ್ಚು ಉಸಿರಾಡುತ್ತಿತ್ತು, ಬಯಲಿನದು ಕಡಿಮೆ. ಬೇರು ಅಗೆದು ಬಕೆಟ್ಟಿನಲ್ಲಿ ನೆನೆಹಾಕಿ ತೊಳೆದು, ಗಂಟುಗಳನ್ನು ಬ್ಲೇಡಿನಿಂದ ಸೀಳಿ ನೋಡಿದರೆ ಬಯಲಿನವು ಒಳಗೆ ಕೆಂಪು, ಅಂದರೆ ಕೆಲಸ ಮಾಡುತ್ತಿವೆ. ಗೂಡಿನವುಗಳಲ್ಲಿ ಎಷ್ಟೋ ಹಸಿರಿಗೆ ತಿರುಗಿ ಸುಸ್ತಾಗಿದ್ದವು. ನಾನು ಹಿಗ್ಗಿದೆ. ಆ ಹಿಗ್ಗು ನನಗೆ ಚೆನ್ನಾಗಿ ನೆನಪಿದೆ. ಅದರ ಬಗ್ಗೆಯೂ ಈಗ ಪೂರ್ತಿ ನಂಬಿಕೆ ಇಲ್ಲ.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲು ಇಟ್ಟು ಪೂಜೆ ಮಾಡಿ, ತಂದ ಅಡುಗೆಯನ್ನೆಲ್ಲ ಕಲಸಿ ಬೆಳೆಯ ಮೇಲೆ ಎರಚುತ್ತಾರೆ. ಅದೇ ಚರಗ. ಭೂಮಿ ಕಾಳು ತುಂಬಿಕೊಂಡಿರುವ ಬಸುರಿ, ಆಕೆಗೆ ಉಣ್ಣಿಸಬೇಕು ಎಂಬ ಭಾವನೆ. ನಾನು ಹನುಮಸಾಗರದ ಕಡೆಯವನು. ಚಿಕ್ಕವನಿದ್ದಾಗಿನಿಂದ ನಮ್ಮ ಹೊಲದಲ್ಲಿ ಚರಗ ಎರಚುವ ಕೆಲಸ ನನ್ನದು, ‘ಹುಲ್ಲುಲ್ಲಿಗೋ’ ಎಂದು ಕೂಗುವುದೂ ನನ್ನದು. ಆದರೆ ಪ್ರಯೋಗದ ತಾಕಿನಲ್ಲಿ ಸಜ್ಜೆ ಕಡುಬು, ಮೊಸರನ್ನ ಬಿದ್ದರೆ ಮಣ್ಣಿನ ಜೀವಿಗಳಿಗೆ ಹಬ್ಬ. ಉಸಿರು ಏರುತ್ತದೆ, ಅಳತೆ ಕೆಡುತ್ತದೆ. ಅದಕ್ಕೇ ವಾರ ಮೊದಲೇ ಅಕ್ಕನಿಗೆ ಹಗ್ಗದೊಳಗೆ ಚರಗ ಬೇಡ ಎಂದು ಹೇಳಿದ್ದೆ. ಅವರು ಆಗಲಿ ಎಂದಿದ್ದರು.

ಅಂದು ಅವರು ಊಟಕ್ಕೆ ಕರೆದರು. ಬನ್ನಿಗಿಡದ ನೆರಳು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ, ಪುಂಡಿಪಲ್ಯ. ಇಷ್ಟು ನನ್ನ ತಲೆಯಲ್ಲಿದೆ. ಹಸಿರು ಸೀರೆಯುಟ್ಟ ಅಕ್ಕ ಎಡಗೈಯಲ್ಲಿ ಬುಟ್ಟಿ ಹಿಡಿದು ತಾಕುಗಳ ನಡುವೆ ನಡೆಯುತ್ತ ಬಲಗೈಯಿಂದ ಎರಚುತ್ತಿದ್ದದ್ದೂ ಇದೆ. ಅದು ಅಂದೇ ನನ್ನ ತಲೆಯಲ್ಲಿತ್ತೋ, ನಾಲ್ಕು ದಿನದ ಮೇಲೆ ಬಂದು ಕೂತಿತೋ ಹೇಳಲಾರೆ.

ನಾಲ್ಕು ದಿನದ ಮೇಲೆ ಡಬ್ಬಿ ಇಟ್ಟು ತೆಗೆದು ಕೋಣೆಯಲ್ಲಿ ಆಮ್ಲ ಬಿಟ್ಟಾಗ ಎರಡನೆಯ ತಾಕಿನ ಬಟ್ಟಲಿನ ಗುಲಾಬಿ ತಟ್ಟನೆ ಹೋಯಿತು. ದ್ರಾವಣ ತಪ್ಪಾಗಿ ಕಲಸಿದೆ ಎಂದುಕೊಂಡು ಹೊಲದಲ್ಲಿಡದ ಅದೇ ದ್ರಾವಣದ ಬಟ್ಟಲಿನ ಜೊತೆ ಹೋಲಿಸಿದೆ. ಸರಿ ಇತ್ತು. ನಾಲ್ಕನೆಯದೂ ಹಾಗೆ, ಆರನೆಯದೂ ಹಾಗೆ. ಬಯಲಿನ ಆ ಮೂರು ತಾಕುಗಳು ಗೂಡುಗಳನ್ನೂ ಮೀರಿ ಉಸಿರಾಡುತ್ತಿದ್ದವು. ಒಡ್ಡಿನ ಸಾಲಿನ ಎಂಟು, ಹತ್ತು, ಹನ್ನೆರಡು ಎಂದಿನಂತೆ ಇದ್ದವು. ಮರುದಿನ ಬೆಳಿಗ್ಗೆ ಬಳೆಗಳೊಳಗೆ ಬಗ್ಗಿ ನೋಡಿದೆ. ಇರುವೆಗಳ ಸಾಲು. ಆರನೆಯದರಲ್ಲಿ ಒಣಗಿದ ಕಡುಬಿನ ಒಂದು ಚೂರು.

ಅಕ್ಕ ಉಷ್ಣಮಾಪಕ ಓದುತ್ತಿದ್ದರು. ಹತ್ತಿರ ಹೋಗಿ ಕೇಳಿದೆ. ಕೇಳಿದೆ ಎಂದು ಬರೆಯುವುದು ಸುಳ್ಳು. ಹೇಳಿದೆ.

‘ಅಕ್ಕಾರ, ಚರಗ ಹಗ್ಗದ ಒಳಗ ಬಿದ್ದೈತ್ರಿ.’

‘ಎಲ್ಲೆ?’

‘ಎರಡು, ನಾಕು, ಆರರಾಗ.’

ಅವರು ಪೆನ್ನಿನ ಮುಚ್ಚಳ ಹಾಕಿದರು. ‘ನಾ ವಡ್ಡಿನ ಮ್ಯಾಲ ನಿಂತು ಹೊರಗಷ್ಟ ಚೆಲ್ಲೀನ್ರಿ. ನನ್ನ ಕೈಲೆ ನಡುಹೊಲದಾಗ ಚರಗ ಬೀಳದ ಎಳ್ಳಮಾಸಿ ಇದ ಮೊದಲನೇದು.’

‘ಮತ್ತ ಹೆಂಗ ಬಂತು?’

‘ನಾ ಚೆಲ್ಲಿದ್ರ ವಡ್ಡಿನ ಕಡಿ ಸಾಲಿನಾಗ ಬೀಳಬೇಕಿತ್ತಲ್ರಿ. ಇವು ನೀವು ದಿನಾ ಅಡ್ಡಾಡೋ ದಾರಿ ಬಾಜೂಕ ಅದಾವ.’

ಹೇಳಿ ನನ್ನ ಮುಖ ನೋಡಿದರು. ಆ ನೋಟ ಈಗ ಅರ್ಥವಾಗುತ್ತದೆ. ಆಗ ನನಗೆ ಅದು ಸಿಕ್ಕಿಬಿದ್ದವರ ನೋಟದಂತೆ ಕಂಡಿತು. ಗಾಳಿಗೆ ಹಾರಿ ಬಂದಿರಬಹುದು ಎಂದೆ, ಅವರಿಗೆ ತಪ್ಪಿಸಿಕೊಳ್ಳಲು ಒಂದು ದಾರಿ ಕೊಡುವವನ ಹಾಗೆ.

‘ಕಡುಬು ಗಾಳಿಗಿ ಹಾರತಾವೇನ್ರಿ ಸರ?’ ಎಂದರು. ಆಮೇಲೆ ರಿಜಿಸ್ಟರು ತೆರೆದು ಉಳಿದ ಐದು ತಾಕಿನ ಅಂಕಿ ಬರೆದು ಮನೆಗೆ ಹೋದರು.

ಆ ಹಂಗಾಮಿನ ವರದಿಗೆ ನಾನು ಎರಡು ಪಟ್ಟಿ ಮಾಡಿದೆ. ಮೂರೂ ತಾಕುಗಳನ್ನು ಸೇರಿಸಿದರೆ ಬಿಸಿಗೂ ಬಯಲಿಗೂ ಉಸಿರಿನಲ್ಲಿ ವ್ಯತ್ಯಾಸವೇ ಉಳಿಯುತ್ತಿರಲಿಲ್ಲ. ಬಿಟ್ಟರೆ ಪಟ್ಟಿ ಕನ್ನಡಿಯಂತೆ ಚೊಕ್ಕ. ಬಿಡಲೇಬೇಕಿತ್ತು, ಅದರಲ್ಲಿ ತಪ್ಪಿಲ್ಲ, ಅನ್ನ ಬಿದ್ದ ಮಣ್ಣಿನ ಅಳತೆ ಯಾರಿಗೂ ಬೇಡ. ಆದರೆ ಬಿಡಲು ಕಾರಣ ಕೊಡಬೇಕಲ್ಲ. ‘ತಾಕು ನೋಡಿಕೊಳ್ಳುವವರು ಸೂಚನೆ ಮೀರಿ ಸ್ಥಳೀಯ ಆಚರಣೆಯಂತೆ ಆಹಾರ ಎರಚಿದ್ದರಿಂದ’ ಎಂದು ಬರೆದೆ. ಹೆಸರು ಹಾಕಲಿಲ್ಲ. ನೋಡಿಕೊಳ್ಳುವವರು ಒಬ್ಬರೇ ಇದ್ದರು.

ಯೋಜನೆಯ ಮುಖ್ಯಸ್ಥೆ ಹೊರಗಿನವರು, ಕಟ್ಟುನಿಟ್ಟಿನ ವಿಜ್ಞಾನಿ. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ವರದಿ ಓದಿ ಕೊಪ್ಪಳಕ್ಕೆ ಬಂದಾಗ ನನ್ನನ್ನು ಕರೆದು ಆ ಸಾಲಿನ ಮೇಲೆ ಬೆರಳಿಟ್ಟರು.

‘ಆಕೆ ಇಲ್ಲ ಅಂತಾರೆ ಅಂದ್ರಿ. ನೀವೇ ನೋಡಿದ್ರಾ?’

‘ನೋಡಿದೆ ಮೇಡಂ.’

ಎಷ್ಟು ಸಲೀಸಾಗಿ ಬಂತು ಆ ಮಾತು! ಬಾಯಿಂದ ಬರುವಾಗ ಸುಳ್ಳಿನ ರುಚಿ ಇರಲಿಲ್ಲ. ಕಣ್ಣ ಮುಂದೆ ಹಸಿರು ಸೀರೆ ನಡೆಯುತ್ತಿತ್ತು.

ಮೇಡಂ ನಿರ್ಧರಿಸಿದರು. ರೈತರ ಹೊಲದಲ್ಲಿ ಇಂಥದ್ದು ತಡೆಯಲು ಆಗುವುದಿಲ್ಲ, ಮುಂದಿನ ಹಂಗಾಮಿನಿಂದ ಪ್ರಯೋಗ ಗಂಗಾವತಿಯ ಕಡೆ, ಬೇಲಿ ಮತ್ತು ಕಾವಲು ಇರುವ ಜಮೀನಿಗೆ ಹೋಗಲಿ. ಅದು ಕಾಲುವೆ ನೀರು ಕುಡಿದ ಭತ್ತದ ನೆಲ. ಮೊಳ ಅಗೆದರೆ ತೇವ, ಅಂಚಿನಲ್ಲಿ ಬಿಳಿ ಉಪ್ಪು. ಅಕ್ಕ ಕೇಳಿದ ಪ್ರಶ್ನೆಗೆ ಆ ನೆಲದಲ್ಲಿ ಉತ್ತರ ಇಲ್ಲ, ಅಲ್ಲಿ ಎರೆ ಹಾಗೆ ಬಾಯಿ ಬಿಡುವುದೇ ಇಲ್ಲ. ಇದು ನನಗೆ ಗೊತ್ತಿತ್ತು. ಆದರೂ ಒಪ್ಪಿ ತಲೆಯಾಡಿಸಿದೆ.

ಕಡಲೆ ಕಿತ್ತ ಮೇಲೆ ಗೂಡುಗಳನ್ನು ಬಿಚ್ಚಿ ಬಳೆ ತೆಗೆಯಲು ಹೋದೆ. ಅಕ್ಕ ಬರಲಿಲ್ಲ. ಅವರ ಸೊಸೆ ಚಹಾ ತಂದರು, ಲೋಟ ಕೊಟ್ಟು ಅಲ್ಲೇ ನಿಂತರು.

‘ಅತ್ತಿ ತೋರಿಸಬ್ಯಾಡ ಅಂದಾರ್ರಿ. ಆದ್ರ ಊರಾಗ ಮಂದಿ, ತಾಕು ನೋಡಕೊಳ್ಳಾಕ ಕೊಟ್ರ ಕೆಡಿಸಿಟ್ಟಾಕಿ ಅಂತ ಆಡಕೊಂತಾರ. ನನಗ ತಡಕೊಳ್ಳಾಕ ಆಗವಲ್ದು. ನೋಡ್ರಿ.’

ಮೊಬೈಲು ನನ್ನ ಕೈಗೆ ಕೊಟ್ಟರು. ಹಬ್ಬದ ದಿನ ಸ್ಟೇಟಸ್‌ಗೆ ಹಾಕಲು ತೆಗೆದ ವಿಡಿಯೊ, ಒಂದು ನಿಮಿಷವೂ ಇಲ್ಲ. ಬನ್ನಿಗಿಡ, ಐದು ಕಲ್ಲು, ಒಡ್ಡಿನ ಮೇಲೆ ಅಕ್ಕ. ಅವರು ತಮ್ಮ ಕೈಯಲ್ಲಿದ್ದ ಬುಟ್ಟಿಯನ್ನು ಪಕ್ಕದವನಿಗೆ ಕೊಡುತ್ತಾರೆ. ಏನೋ ಹೇಳುತ್ತಾರೆ, ಗಾಳಿಯ ಸದ್ದಿನಲ್ಲಿ ಕೇಳುವುದಿಲ್ಲ. ಬುಟ್ಟಿ ಈಸಿಕೊಂಡವನು ನನ್ನ ಟೋಪಿ ಹಾಕಿಕೊಂಡಿದ್ದಾನೆ. ಒಡ್ಡು ಇಳಿದು, ಹಗ್ಗ ದಾಟಿ, ದಿನವೂ ಡಬ್ಬಿ ಹಿಡಿದು ನಡೆಯುವ ಕಾಲುದಾರಿಗೆ ಬಂದು, ದಿನವೂ ನಡೆಯುವ ವೇಗದಲ್ಲೇ ನಡೆಯುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗಿ ಬಲಗೈಯಿಂದ ಎರಚುತ್ತಾನೆ. ಗೂಡುಗಳ ಓರೆ ಗೋಡೆಗೆ ಬಿದ್ದದ್ದು ಜಾರಿ ಹೊರಗೆ ಉದುರುತ್ತದೆ. ಬಯಲಿನ ತಾಕಿಗೆ ಬಿದ್ದದ್ದು ಗಿಡದ ಬುಡಕ್ಕೆ ಇಳಿಯುತ್ತದೆ. ಎರಡು, ನಾಲ್ಕು, ಆರು. ಸೊಸೆ ನಗುತ್ತಿರುವುದು ಕೇಳುತ್ತದೆ. ಅಕ್ಕ ಒಂದು ಸಲ ಕೈ ಎತ್ತುತ್ತಾರೆ, ತಡೆಯುವವರ ಹಾಗೆ. ಆಮೇಲೆ ಇಳಿಸುತ್ತಾರೆ. ಅವರ ಸೀರೆ ಇಟ್ಟಿಗೆಯ ಕೆಂಪು. ಹಸಿರು ಎಲ್ಲಿಯೂ ಇಲ್ಲ.

ಮೂರು ಸಲ ನೋಡಿದೆ. ನನಗೆ ಒಂದು ಹಿಡಿಯೂ ನೆನಪಾಗಲಿಲ್ಲ. ಇವತ್ತಿಗೂ ಆಗುವುದಿಲ್ಲ. ಈಗ ನನ್ನ ತಲೆಯಲ್ಲಿ ಇರುವುದು ವಿಡಿಯೊ. ಅದರಲ್ಲಿ ನನ್ನ ಬೆನ್ನು ನನಗೆ ಕಾಣುತ್ತದೆ. ತನ್ನ ಬೆನ್ನು ತನಗೆ ಕಾಣುವಂಥದು ನೆನಪು ಹೇಗಾದೀತು?

ವಿಡಿಯೊವನ್ನು ನನ್ನ ಮೊಬೈಲಿಗೆ ಹಾಕಿಸಿಕೊಂಡೆ. ಅಂದೇ ಮೇಡಂಗೆ ಹೇಳುವೆ ಎಂದು ಸೊಸೆಗೆ ಹೇಳಿದೆ. ಹೇಳಲಿಲ್ಲ. ಬಳೆಗಳನ್ನು ಎಣಿಸಿ ಗೋಣಿಚೀಲಕ್ಕೆ ತುಂಬಿದೆ, ಹಾಳೆಗಳನ್ನು ತೊಳೆಸಿದೆ, ಒಂದು ವಾರ ಹೋಯಿತು. ತಾಕು ಬಿಟ್ಟದ್ದು ಸರಿಯೇ ಇದೆ, ಅಂಕಿ ಬದಲಾಗುವುದಿಲ್ಲ, ಯಾರು ಎರಚಿದರೆ ಮಣ್ಣಿಗೇನು ಎಂದು ನನಗೆ ನಾನೇ ವಾದಿಸಿದೆ. ಮಣ್ಣಿಗೆ ಏನೂ ಇಲ್ಲ, ನಿಜ. ಇನ್ನೂ ಮೂರು ವಾರ ಹೋದವು.

ಗಂಗಾವತಿಯ ಕಡೆಯ ಹೊಸ ಜಾಗ ನೋಡಲು ಎಲ್ಲರೂ ಸೇರಿದ ದಿನ ಅಲ್ಲಿನ ಕೆಲಸಗಾರರಿಗೆ ಏನು ಮಾಡಬೇಕು, ಮಾಡಬಾರದು ಎಂದು ತಿಳಿಸುವ ಸಭೆ ಇತ್ತು. ಮೇಡಂ ಹಳೆಯ ಜಾಗ ಯಾಕೆ ಬಿಟ್ಟೆವು ಎಂದು ಎರಡು ಮಾತಿನಲ್ಲಿ ಹೇಳಿದರು. ಅಲ್ಲಿನ ಮೇಲ್ವಿಚಾರಕ ನಗುತ್ತ, ‘ಅಂದ್ರ ಯಲಬುರ್ಗಾದಾಕಿ ನಿಮ್ಮ ಮಣ್ಣಿಗಿ ಹೋಳಿಗಿ ಊಟ ಹಾಕಿ ಕಳಿಸ್ಯಾಳ ಅನ್ರಿ’ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ, ನಗಲೇಬೇಕೆಂಬ ಒತ್ತಾಯವೂ ಇರಲಿಲ್ಲ. ಆದರೂ ನಕ್ಕೆ. ಇಡೀ ಪ್ರಕರಣದಲ್ಲಿ ನನಗೆ ಸ್ಪಷ್ಟವಾಗಿ, ಒಳಗಿನಿಂದ, ಯಾವ ವಿಡಿಯೊದ ಸಹಾಯವೂ ಇಲ್ಲದೆ ನೆನಪಿರುವುದು ಆ ನಗು ಒಂದೇ.

ಮರಳಿ ಬರುವ ಬಸ್ಸಿನಲ್ಲಿ ಮೇಡಂಗೆ ಪತ್ರ ಬರೆಯಲು ಕೂತೆ. ಬರೆದದ್ದನ್ನು ಕಳಿಸುವ ಮೊದಲು ಅಕ್ಕನಿಗೆ ಓದಿ ಹೇಳಬೇಕು ಎನಿಸಿ ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಅವರು ಅಂಗಳದಲ್ಲಿ ಕಡಲೆ ಕೇರುತ್ತಿದ್ದರು. ಕೂರಲು ಹೇಳಿದರು. ಮೊರ ಕೆಳಗಿಡಲಿಲ್ಲ. ವಿಡಿಯೊ ನೋಡಿದೆ ಎಂದೆ. ಗೊತ್ತು ಎಂಬಂತೆ ತಲೆಯಾಡಿಸಿದರು.

‘ಅವತ್ತ ಯಾಕ ಹೇಳಲಿಲ್ಲ ಅಕ್ಕಾರ?’

‘ಉಣ್ಣಾಕ ಬರ್ರಿ ಅಂತ ಕರದಾಕಿ ನಾ. ನಿಮ್ಮ ಊರ ಹೊಲಕ್ಕ ಹೋಗಾಕ ಆಗಿಲ್ಲ, ನಮ್ಮ ವಡ್ಡಿನ ಮ್ಯಾಲರ ಚೆಲ್ರಿ ಅಂತ ಬುಟ್ಟಿ ಕೊಟ್ಟಾಕಿನೂ ನಾನ. ನೀವು ಒಳಗ ಇಳದ್ರಿ. ನಿಮ್ಮ ತಾಕು, ನಿಮಗ ಗೊತ್ತಿದ್ದೀತು ಅನಕೊಂಡೆ. ಚರಗ ಚೆಲ್ಲೋರ ಕೈ ಹಿಡಿಯೋದು ನಮ್ಮಲ್ಲಿ ಇಲ್ರಿ.’ ಮೊರ ಒಂದು ಸಲ ಕೊಡವಿದರು. ‘ಆಮ್ಯಾಲ ನೀವು ಬಂದು ಕೇಳಿದಾಗ, ದಾರಿ ಬಾಜೂಕ ಐತಿ ಅಂತ ಹೇಳೀನಿ. ಅಷ್ಟ ಹೇಳಿದ್ರ ನಿಮಗ ನೆನಪ ಆಗತೈತಿ ಅಂತ ಮಾಡಿದ್ದೆ.’

ಕಾಗದ ತೆಗೆದು ಓದಿದೆ. ಮೂರು ತಾಕುಗಳಲ್ಲಿ ಆಹಾರ ಬಿದ್ದಿದ್ದಕ್ಕೆ ಹಿಂದೆ ಕೊಟ್ಟ ಕಾರಣ ಸರಿಯಲ್ಲ, ಹೊಸ ಮಾಹಿತಿ ದೊರೆತಿದೆ, ನೋಡಿಕೊಳ್ಳುವವರ ತಪ್ಪು ಇರಲಿಲ್ಲ ಎಂದು ಮುಂತಾಗಿ ಇತ್ತು. ಅಕ್ಕ ಕೊನೆಯವರೆಗೂ ಕೇಳಿದರು.

‘ಬಿದ್ದಿತ್ತಂತ. ಮಳಿಯೇನ್ರಿ ಅದು, ತಾನ ಬೀಳಾಕ? ಯಾರ ಚೆಲ್ಲಿದ್ರು?’

‘ನಾನು.’

‘ಹಂಗ ಬರೀರಿ. ಮತ್ತ, ನಾ ಚೆಲ್ಲಿದ್ದು ಕಣ್ಣಾರೆ ನೋಡೀನಿ ಅಂದ್ರಂತಲ್ಲ ಅವರ ಮುಂದ. ಅದನ್ನೂ ಬರೀರಿ.’

ಅದು ಅವರ ಕಿವಿಗೆ ಹೇಗೆ ಬಿತ್ತೋ ನನಗೆ ತಿಳಿಯದು. ಕೇಳುವ ಮುಖವೂ ನನಗಿರಲಿಲ್ಲ. ಅವರ ಅಂಗಳದಲ್ಲೇ ಕೂತು ಇನ್ನೊಂದು ಹಾಳೆಯಲ್ಲಿ ಬರೆದೆ. ನಾಲ್ಕೇ ಸಾಲು. ಚರಗ ಎರಚಿದವನು ನಾನು. ಎರಚಿದ್ದು ನನಗೆ ನೆನಪಿಲ್ಲ. ಆಕೆ ಎರಚಿದ್ದನ್ನು ನೋಡಿದೆ ಎಂದು ಹೇಳಿದ್ದು ಸುಳ್ಳು. ವಿಡಿಯೊ ನೋಡಿದ ಮೇಲೂ ನಾಲ್ಕು ವಾರ ಸುಮ್ಮನಿದ್ದೆ. ಕೊನೆಯ ಸಾಲನ್ನು ಅವರು ಕೇಳಿರಲಿಲ್ಲ. ಓದಿ ಹೇಳಿದಾಗ ಮೊರ ಕೆಳಗಿಟ್ಟರು. ನಾನು ಅಲ್ಲಿಂದಲೇ ಹಾಳೆಯ ಫೋಟೊ ತೆಗೆದು ವಿಡಿಯೊ ಜೊತೆ ಕಳಿಸಿದೆ.

ಸಂಜೆ ಮೇಡಂ ಫೋನು ಮಾಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ದನಿ ಏರಿಸಲಿಲ್ಲ.

‘ನೋಡಿದೆ ಅಂದಿದ್ರಲ್ಲ. ಯಾರನ್ನ ನೋಡಿದ್ರಿ?’

ಹಸಿರು ಸೀರೆಯ ಬಗ್ಗೆ ಹೇಳಬೇಕು ಎನಿಸಿತು. ಹೇಳಿದರೆ ಅದೂ ಒಂದು ನೆಪವಾಗುತ್ತಿತ್ತು, ಹೇಳಲಿಲ್ಲ. ಅವರು ಫೋನು ಇಟ್ಟರು.

ವರದಿಯ ಆ ಪುಟವನ್ನು ತಿದ್ದಿದರು. ಹಂಗಾಮಿನಲ್ಲಿ ಅತ್ಯಂತ ನಂಬಬಹುದಾದ ದಾಖಲೆ ತಾಕು ನೋಡಿಕೊಳ್ಳುವವರ ಉಷ್ಣತೆಯ ರಿಜಿಸ್ಟರು ಎಂದು ಸೇರಿಸಿ, ಕನ್ನಡದಲ್ಲಿ ಒಂದು ಪ್ರತಿಯನ್ನು ಅಕ್ಕನಿಗೆ ಕಳಿಸಿದರು. ಪ್ರಯೋಗ ಮಾತ್ರ ಮರಳಲಿಲ್ಲ. ಜಾಗದ ಕಾಗದಪತ್ರ ಆಗಿಹೋಗಿದ್ದವು, ಗೂಡುಗಳು ಕಾಲುವೆ ದಾಟಿದ್ದವು. ಒಂದು ತಿಂಗಳು ಮೊದಲೇ ಹೇಳಿದ್ದರೆ ಮರಳುತ್ತಿತ್ತೇ? ಮರಳುತ್ತಿತ್ತು ಎಂದು ಮೇಡಂ ಆಮೇಲೆ ಒಮ್ಮೆ ಹೇಳಿದರು. ನನಗೆ ಇನ್ನೂ ಎರಡು ವರ್ಷದ ಕೆಲಸ ಇತ್ತು, ಗಂಗಾವತಿಯಲ್ಲಿ ಮಾಡಿದೆ. ಅಕ್ಕನ ಕೆಲಸ ಹೋಯಿತು.

ಮುಂದಿನ ಹಿಂಗಾರಿಗೆ ಅವರು ಅದೇ ಹೊಲದಲ್ಲಿ ಮತ್ತೆ ಕಡಲೆ ಬಿತ್ತಿದರು. ನಾನು ರಜೆಯ ದಿನ ಸಲಿಕೆ, ಬಕೆಟ್ಟು, ಬ್ಲೇಡು ಹಿಡಿದು ಹೋಗುತ್ತಿದ್ದೆ. ಗೂಡಿಲ್ಲದೆ, ಬಳೆಯಿಲ್ಲದೆ ಅದು ಪ್ರಯೋಗ ಅಲ್ಲ. ನೋಡುವುದು ಅಷ್ಟೆ. ಬೇರು ತೊಳೆದು ಗಂಟು ಸೀಳಿ ಇಬ್ಬರೂ ನೋಡುತ್ತೇವೆ, ಅವರು ರಿಜಿಸ್ಟರಿನ ಉಳಿದ ಪುಟಗಳಲ್ಲಿ ಕೆಂಪು ಎಷ್ಟು, ಹಸಿರು ಎಷ್ಟು ಎಂದು ಬರೆಯುತ್ತಾರೆ. ಎರೆ ಯಾವ ದಿನ ಬಾಯಿ ಬಿಟ್ಟಿತು ಎಂಬುದನ್ನೂ. ನನ್ನ ಹೊಲಕ್ಕೆ ಏನಾಗಿದೆ ಎಂಬ ಅವರ ಪ್ರಶ್ನೆಗೆ ನನ್ನ ಬಳಿ ಅರ್ಧ ಉತ್ತರ ಇದೆ. ಗಿಡ ಬಾಡುವ ಮೊದಲೇ ಗಂಟು ಕೆಲಸ ನಿಲ್ಲಿಸುತ್ತಿರಬಹುದು, ಬಿಸಿಗೆ ಒಂದು ಪಾಲು, ಬೇರು ಹರಿಯುವುದಕ್ಕೆ ಒಂದು ಪಾಲು. ಯಾವುದು ಎಷ್ಟು ಎಂದು ಹೇಳಲು ಆ ಮೂರು ವರ್ಷ ಬೇಕಿತ್ತು. ಅವರಿಗೆ ಹೀಗೆಯೇ ಹೇಳಿದ್ದೇನೆ, ಯಾಕೆ ಅರ್ಧ ಎಂಬುದನ್ನೂ ಸೇರಿಸಿ.

ಎಳ್ಳ ಅಮಾವಾಸ್ಯೆ ಮತ್ತೆ ಬಂತು. ಕರೆಯುವುದಿಲ್ಲ ಎಂದುಕೊಂಡಿದ್ದೆ, ಕರೆದರು. ಊಟಕ್ಕೆ ಮೊದಲು ಅಕ್ಕ ಚರಗದ ಬುಟ್ಟಿ ನನ್ನ ಮುಂದೆ ಹಿಡಿದರು. ಬೇಡ ಎಂದೆ. ಸೊಸೆ ಮೊಬೈಲು ಎತ್ತಿ, ‘ತಗೋರಿ ಸರ, ಈ ಸಲ ನಾ ವಿಡಿಯೊ ತಗಿಯೂದಿಲ್ಲ’ ಎಂದು ನಕ್ಕರು. ಅಕ್ಕ ನಗಲಿಲ್ಲ.

‘ಈ ಸಲ ಹಗ್ಗ ಇಲ್ರಿ. ನಡುಹೊಲದಾಗ ಚೆಲ್ರಿ.’

ಇಳಿದೆ. ತಾಕುಗಳಿದ್ದ ಜಾಗ ನೇಗಿಲು ಹೊಡೆದು ಒಂದಾಗಿತ್ತು, ಕಾಲುದಾರಿಯ ಗುರುತೂ ಇರಲಿಲ್ಲ. ಒಂದೊಂದು ಹಿಡಿ ಎರಚಿದಾಗಲೂ ಅದು ಎಲ್ಲಿ ಬಿತ್ತು ಎಂದು ನಿಂತು ನೋಡಿ ಮುಂದಕ್ಕೆ ಹೋದೆ. ಹಿಂದಿನಿಂದ ಯಾರೋ, ‘ಸರ ಚರಗ ಚೆಲ್ಲತಾರೋ, ಸರ್ವೆ ಮಾಡತಾರೋ?’ ಎಂದರು. ಮರಳಿ ಬಂದು, ಕೈ ತೊಳೆಯುವ ಮೊದಲೇ ನೋಟುಬುಕ್ಕು ತೆರೆದೆ. ಆ ದಿನದ ಪುಟದಲ್ಲಿ ಹೀಗಿದೆ:

‘ಚರಗ ಎರಚಿದವನು ನಾನು. ಒಂಬತ್ತು ಹಿಡಿ. ಮೊದಲನೆಯದು ಬನ್ನಿಗಿಡದಿಂದ ಹದಿನೈದು ಹೆಜ್ಜೆ ಪೂರ್ವಕ್ಕೆ, ಕೊನೆಯದು ಒಡ್ಡಿನ ಮೂಲೆಯಲ್ಲಿ. ಅಕ್ಕ ಒಡ್ಡಿನ ಮೇಲೆ ನಿಂತಿದ್ದರು, ಇಳಿಯಲಿಲ್ಲ. ಸೀರೆ ನೀಲಿ. ಅವರನ್ನು ಕೇಳಿ ಬರೆದುಕೊಂಡೆ.’